ಸೋಮವಾರದ ಕೆಮ್ಮು

ಮೊನ್ನೆ ಹೊಂಗನೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಹೊಸ ರೇಷ್ಮೆ ಬೆಳೆಗೆ ಮೊದಲು, ರೋಗ ತಗುಲದಿರಲೆಂದು, ಅಳಿಯ ಹುಳು ಮನೆಗೆ ಫಾರ್ಮಲಿನ್ ಔಷಧಿ ಹೊಡೆಯುತ್ತಿದ್ದ. ಹಿತ್ತಲಲ್ಲಿ ಕುಳಿತಿದ್ದ ನನ್ನ ಮೂಗಿಗೆ ಆ ಘಾಟು ಬಡಿದು ಕಣ್ಣು ಉರಿಯಿತು, ಗಂಟಲು ಕೆರೆಯಿತು. ಎಷ್ಟೋ ವರ್ಷಗಳ ಮೇಲೆ ಅಕ್ಕ ನೆನಪಾದಳು. ಅವಳ ಹಿಂದೆಯೇ ಸಿಟ್ಟೂ ಬಂತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಈ ಜಿಲ್ಲೆಯ ಒಂದು ಸರ್ಕಾರಿ ಬಿತ್ತನೆ ಕೋಠಿಯಲ್ಲಿ ನಾವಿಬ್ಬರೂ ದಿನಗೂಲಿಯವರು. ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ಗೂಡು ಒಡೆದು ಬಂದ ಚಿಟ್ಟೆಗಳು ಜೋಡಿಯಾದ ಮೇಲೆ ಅವನ್ನು ಕೈಯಿಂದ ಬಿಡಿಸಿ, ಹೆಣ್ಣನ್ನು ಮೊಟ್ಟೆ ಹಾಳೆಯ ಮೇಲೆ ಬಿಡುವುದು ಅಕ್ಕನ ಕೆಲಸ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಗಾಜಿಗೆ ಹಚ್ಚಿ, ಗಂಟು ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ತಾಯಿಗೆ ರೋಗವಿದ್ದರೆ ಮೊಟ್ಟೆಗೂ ಬರುತ್ತದೆ.

ಚಿಟ್ಟೆ ಬಿಡಿಸುವ ಕೋಣೆಯಲ್ಲಿ ರೆಕ್ಕೆಯ ಧೂಳು ಹಾರಾಡುತ್ತಲೇ ಇರುತ್ತಿತ್ತು. ಕಿಟಕಿ ತೆಗೆಯುವ ಹಾಗಿಲ್ಲ. ಸಂಜೆ ಹೊರಗೆ ಬರುವಾಗ ಅಕ್ಕನ ರೆಪ್ಪೆಯೆಲ್ಲ ಬೆಳ್ಳಗೆ. ಸೆರಗನ್ನು ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದಳು, ಅದು ಒಣಗುವವರೆಗೆ ಉಸಿರಿಗೆ ಒಸಿ ನೆಮ್ಮದಿ. ಇನ್ನು ಚಿಟ್ಟೆಗಳ ಉಪಚಾರ ಕೇಳಬೇಕೆ? ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆಯಬೇಕು, ಕೈ ಉಜ್ಜಬೇಕು. ಮದುವೆ ಮನೆಯಲ್ಲಿ ಬೀಗರಿಗೂ ಅಷ್ಟು ಮರ್ಯಾದೆ ಇರಲಿಕ್ಕಿಲ್ಲ.

ಅಕ್ಕನ ಕೆಮ್ಮು ಯಾವಾಗ ಶುರುವಾಯಿತೋ... ಕೋಠಿಯಲ್ಲಿ ಕೆಮ್ಮದವರೇ ಇರಲಿಲ್ಲವಾದ್ದರಿಂದ ಯಾರೂ ಗಮನಿಸಲಿಲ್ಲ. ಗಮನಿಸಿದವಳು ಅವಳೇ. ರಜೆಯ ದಿನ ಎದೆ ಹಗುರ, ಸೋಮವಾರ ಕೋಣೆಗೆ ಕಾಲಿಟ್ಟರೆ ಮತ್ತೆ ಹಿಡಿದುಕೊಳ್ಳುತ್ತದೆ. ಅದನ್ನೇ ಕೋಠಿಯ ಸಾಹೇಬರಿಗೆ ಹೇಳಿ, ಹೊರಗಿನ ಕೆಲಸ ಯಾವುದಾದರೂ ಕೊಡಿ, ಅಂಗಳ ಗುಡಿಸುವುದಾದರೂ ಸರಿ ಎಂದು ಕೈಮುಗಿದಳು. ಅವರು ಎಲ್ಲರ ಎದುರು ನಕ್ಕುಬಿಟ್ಟರು.

"ಭಾನುವಾರ ಇಲ್ಲದ ಕೆಮ್ಮು ಸೋಮವಾರ ಹೇಗಮ್ಮ ಬರುತ್ತೆ? ಇದು ಕೆಲಸ ಕಂಡರೆ ಬರೋ ಕೆಮ್ಮು."

ಅಂದಿನಿಂದ ಅವಳ ಕೆಮ್ಮಿಗೆ ಸೋಮವಾರದ ಕೆಮ್ಮು ಎಂದೇ ಹೆಸರಾಯಿತು. ಕೆಲಸದಿಂದಲೇ ಬಂದ ಕಾಯಿಲೆ ಅದು ಎನ್ನುವುದಕ್ಕೆ ಬೇರೆ ಸಾಕ್ಷಿ ಏನು ಬೇಕಿತ್ತು? ಅದನ್ನೇ ಸೋಮಾರಿತನಕ್ಕೆ ಸಾಕ್ಷಿ ಮಾಡಿದ ಆ ಬುದ್ಧಿವಂತಿಕೆಗೆ ಏನು ಹೇಳಲಿ! ಅಕ್ಕ ಮಾತ್ರ ನನ್ನ ಮೇಜಿನ ಹತ್ತಿರ ಬಂದು ತಮಾಷೆ ಮಾಡಿದಳು.

"ನನ್ನೂ ಒಸಿ ಆ ಗಾಜಿನ ಕೆಳಗೆ ಮಡಗಿ ನೋಡು ಕಣವ್ವ. ಚಿಟ್ಟೆಗಾದ್ರೆ ಎಲ್ರೂ ನೋಡ್ತಾರೆ."

ನಾನೂ ನಕ್ಕೆ. ಅವಳು ನಗುತ್ತಲೇ ಕೆಮ್ಮಿದಳು.

ಒಮ್ಮೆ ಮೇಲಿನ ಕಚೇರಿಯಿಂದ ಸುರಕ್ಷತೆಯ ತಪಾಸಣೆಗೆ ಬಂದರು. ಅಂದು ಬೀರುವಿನ ಬೀಗ ತೆಗೆದು ಎಲ್ಲರಿಗೂ ಮಾಸ್ಕ್ ಹಂಚಿದರು. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಜೀಪು ಗೇಟು ದಾಟಿದ್ದೇ ಮಾಸ್ಕುಗಳು ವಾಪಸ್ಸು ಬೀರುವಿಗೆ ಹೋದವು. ತನ್ನದನ್ನು ಇಟ್ಟುಕೊಳ್ಳಲೇ ಎಂದು ಅಕ್ಕ ಕೇಳಿದ್ದಕ್ಕೆ, ಬಳಸಿದರೆ ಹಾಳಾಗುತ್ತದೆ, ಮುಂದಿನ ತಪಾಸಣೆಗೆ ಏನು ತೋರಿಸುವುದು ಎಂದರು.

ಆಮೇಲೆ ಒಂದು ದಿನ ನನ್ನ ಗಾಜಿನಲ್ಲೇ ಗಂಟು ರೋಗ ಕಂಡಿತು. ಕೋಠಿಗೆ ಕೋಠಿಯೇ ಎದ್ದು ಕುಣಿಯಿತು. ಫೋನಿನ ಮೇಲೆ ಫೋನು, ಮೊಟ್ಟೆಗಳನ್ನು ಸುಟ್ಟರು, ಫಾರ್ಮಲಿನ್ ಹಾಕಿ ನೆಲ ತೊಳೆದರು, ಇನ್ನೊಮ್ಮೆ ಪರೀಕ್ಷೆ ಮಾಡಿಸಲು ಸತ್ತ ಚಿಟ್ಟೆಗಳನ್ನು ಜೀಪಿನಲ್ಲಿ ಕಳಿಸಿದರು. ಆ ಫಾರ್ಮಲಿನ್ ಘಾಟಿನಲ್ಲಿ ನೆಲ ಉಜ್ಜುತ್ತಿದ್ದ ಅಕ್ಕ ಉಸಿರು ಸಿಕ್ಕದೆ ಕುಸಿದು ಕುಳಿತಳು. ತುಟಿ ನೀಲಿಯಾಗಿತ್ತು. ಆಸ್ಪತ್ರೆಗೆ ಒಯ್ಯಲು ಗಾಡಿ ಇರಲಿಲ್ಲ, ಇದ್ದದ್ದು ಚಿಟ್ಟೆಗಳ ಜೊತೆ ಹೋಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನ ಟೆಂಪೋಗೆ ಅಡ್ಡ ನಿಂತು, ಕ್ಯಾನುಗಳ ನಡುವೆ ಕೂರಿಸಿಕೊಂಡು ಹೋದೆವು.

ಬದುಕಿ ಬಂದಳು. ಆದರೆ ಗೇಟಿನಲ್ಲೇ ತಡೆದರು. ಕೆಮ್ಮುವವರು ಒಳಗೆ ಬಂದರೆ ಚಿಟ್ಟೆಗಳಿಗೆ ಆಗುವುದಿಲ್ಲವಂತೆ! ಅಷ್ಟು ದಿನ ಕಳ್ಳಕೆಮ್ಮಾಗಿದ್ದದ್ದು ಅಂದು ದಿಢೀರನೆ ನಿಜವಾದ ಕಾಯಿಲೆಯಾಯಿತು. ನಾವು ಕೆಲವರು ಸಾಹೇಬರ ಕೋಣೆಗೆ ಹೋಗಿ ಜಗಳ ಮಾಡಿದೆವು. ಹೆಚ್ಚು ಮಾತಾಡಿದರೆ ನಾಳೆಯಿಂದ ನೀವೂ ಬರಬೇಡಿ ಎಂದರು. ಹೊಟ್ಟೆಪಾಡು, ಮರುದಿನ ಎಂದಿನಂತೆ ಕೆಲಸಕ್ಕೆ ಹೋದೆವು.

ಅಕ್ಕ ಮತ್ತೆ ಸರಿಹೋಗಲಿಲ್ಲ. ದೊಡ್ಡಆಲಹಳ್ಳಿಯ ತನ್ನ ತಮ್ಮನ ಮನೆ ಜಗುಲಿಯಲ್ಲಿ, ಮಲಗಲಾರದೆ ಗೋಡೆಗೊರಗಿ ಕೂತೇ ಇರುತ್ತಿದ್ದಳು. ಎರಡು ಮಳೆಗಾಲ ಕಳೆದಳೋ ಮೂರೋ... ಅವಳು ಹೋದ ಸುದ್ದಿ ಬಂದ ದಿನ ಕೋಠಿಯಲ್ಲಿ ಅವಳ ಜಾಗದಲ್ಲಿ ಬೇರೊಬ್ಬ ಹೆಂಗಸು ಚಿಟ್ಟೆ ಬಿಡಿಸುತ್ತಿದ್ದಳು. ಅವಳೂ ಕೆಮ್ಮುತ್ತಿದ್ದಳು.

ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಅಳಿಯ ಹುಳು ಮನೆಯಿಂದ ಹೊರಬಂದ. ಬೆನ್ನಿಗೆ ಔಷಧಿ ಹೊಡೆಯುವ ಕ್ಯಾನು, ಮೂಗು ಬರಿದು, ಕಣ್ಣು ಕೆಂಪು. ಹೊಸ ಮಾಸ್ಕು ಕವರಿನ ಸಮೇತ ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಯಾಕಪ್ಪ ಹಾಕಿಲ್ಲ ಎಂದೆ.

"ಹೊಸದು ಕಣತ್ತೆ, ಔಷಧಿ ಬಿದ್ರೆ ಹಾಳಾಯ್ತದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ, ಕವರು ಹರಿದು, ಅವನ ಮುಖಕ್ಕೆ ನಾನೇ ಕಟ್ಟಿದೆ. ಅತ್ತೆಗೆ ಏನಾಯಿತೆಂದು ಅವನು ಬೆಪ್ಪಾಗಿ ನೋಡಿ, ಮತ್ತೆ ಒಳಗೆ ಹೋದ. ಕವರು ನನ್ನ ಕೈಯಲ್ಲೇ ಉಳಿಯಿತು. ಅಕ್ಕನ ಮೂಗಿಗೆ ಮಾಸ್ಕು ಸಿಕ್ಕಿದ್ದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ.