ಐದು ತೂತು, ನಾಲ್ಕು ಸದ್ದು

ಮಾನ್ವಿಯ ದೇವಪುತ್ರಪ್ಪ ಹತ್ತು ವರ್ಷ ಪ್ರಭುಭೋಜನ ತೆಗೆದುಕೊಳ್ಳಲಿಲ್ಲ. ತಿಂಗಳ ಮೊದಲ ಭಾನುವಾರ, ಚರ್ಚಿನಲ್ಲಿ ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ಅವನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮುತ್ತ ಹೊರಗೆ ಹೋದವನು ಎಲ್ಲ ಮುಗಿದ ಮೇಲೆಯೇ ಒಳಗೆ ಬರುತ್ತಿದ್ದ. "ಇವನ ಕೆಮ್ಮಿಗೆ ಕ್ಯಾಲೆಂಡರ್ ಓದಾಕ ಬರ್ತದ" ಎಂದು ಸಭೆಯವರು ನಗುತ್ತಿದ್ದರು. ನಗುವವರಿಗೇನು, ಅವನ ಹೊಟ್ಟೆಯೊಳಗಿನ ಅಂಜಿಕೆ ಅವರಿಗೆ ಕಾಣುತ್ತಿತ್ತೇ?

ಆ ಅಂಜಿಕೆ ಹುಟ್ಟಿದ್ದು ೧೯೭೨ರಲ್ಲಿ, ದೇವದುರ್ಗದ ಹತ್ತಿರದ ಒಂದು ಹೊಲದಲ್ಲಿ. ಅವನೂ ಅವನ ಅಣ್ಣ ಯೋಹಾನಪ್ಪನೂ ಬಾವಿ ತೋಡುವ ಕೂಲಿಗಳು. ಬಂಡೆ ಸಿಕ್ಕರೆ ತೂತು ಹೊಡೆದು, ಮದ್ದು ತುಂಬಿ, ಬತ್ತಿ ಹಚ್ಚುವವನು ರಾಯಚೂರಿನ ಮೀರಾಹುಸೇನ. ಆ ಕೆಲಸಕ್ಕೆ ಒಂದೇ ಕಟ್ಟಳೆ: ಎಷ್ಟು ತೂತೋ ಅಷ್ಟು ಸದ್ದು ಕೇಳಿದ ಮೇಲೆಯೇ ಬಾವಿಗೆ ಇಳಿಯಬೇಕು. ಒಂದು ಕಡಿಮೆ ಬಿದ್ದರೂ ಮರುದಿನದವರೆಗೆ ಯಾರೂ ಅತ್ತ ಸುಳಿಯುವಂತಿಲ್ಲ. ಅಂದು ಐದು ತೂತು ಹೊಡೆದಿದ್ದರು. ಉಳಿದ ಕೂಲಿಗಳು ದನ ಅಟ್ಟಲು ದೂರ ಹೋಗಿದ್ದರು.

"ನಾಕ ಆದವು. ಇಳೀಬ್ಯಾಡ್ರಿ," ಎಂದ ಮೀರಾಹುಸೇನ.

"ಐದು! ಎರಡು ಕೂಡೇ ಹಾರ್ಯಾವ. ನಿನ್ನ ಕಿವಿಗೆ ವಯಸ್ಸಾಗ್ಯದ ಹುಸೇನಣ್ಣಾ," ಎಂದು ಕೂಗಿದ ದೇವಪುತ್ರಪ್ಪ. ಇಪ್ಪತ್ತೆರಡರ ಬಿಸಿರಕ್ತ. ಯೋಹಾನಪ್ಪ ಒಡಹುಟ್ಟಿದವನ ಮಾತು ನಂಬಿ ಇಳಿದ. ಅವನು ತಳ ಮುಟ್ಟಿದ ಮೇಲೆ ಐದನೆಯದು ಸಿಡಿಯಿತು.

ಜನ ಓಡಿ ಬಂದು "ಇಳಿ ಅಂದೋರು ಯಾರು?" ಎಂದು ಕೇಳಿದಾಗ ದೇವಪುತ್ರಪ್ಪನ ಬೆರಳು ಮೀರಾಹುಸೇನನ ಕಡೆ ಹೋಯಿತು. ಬಾಯಿ ಬಿಟ್ಟು ಸುಳ್ಳು ಹೇಳುವ ಕಷ್ಟವನ್ನೂ ಅವನು ಪಡಲಿಲ್ಲ. ಮೀರಾಹುಸೇನ ಅಲ್ಲಾನ ಆಣೆ ಮಾಡಿದರೂ ಯಾರೂ ಕೇಳಲಿಲ್ಲ. ಮುಂದೆ ಯಾವ ಬಾವಿಯವರೂ ಅವನನ್ನು ಕರೆಯಲಿಲ್ಲ.

ಅಣ್ಣನ ಹೆಂಡತಿ ಸುವಾರ್ತಮ್ಮ ಮೈದುನನನ್ನು ಮನೆಯಲ್ಲೇ ಇಟ್ಟುಕೊಂಡಳು. ದಿನಾ ಮೊದಲ ರೊಟ್ಟಿ ಅವನ ತಾಟಿಗೇ. ಅವನು ದುಡಿದು ಅಣ್ಣನ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ. ನಿಜ ಹೇಳಿದರೆ ಈ ಮನೆ, ಕಾಕಾ ಎನ್ನುವ ಈ ಮಕ್ಕಳು ಎಲ್ಲ ಹೋಗುತ್ತವೆಂಬ ಭಯ. ಹೇಳದೆ ಪ್ರಭುವಿನ ಮೇಜಿಗೆ ಕೈ ಚಾಚಲೂ ಭಯ. ಅತ್ತ ದರಿ, ಇತ್ತ ಪುಲಿ. ಪ್ರಾರ್ಥನೆಯೊಂದನ್ನು ಮಾತ್ರ ಅವನು ಬಿಟ್ಟಿರಲಿಲ್ಲ.

೧೯೮೨ರ ಒಂದು ಭಾನುವಾರ ಅವನು ಕೆಮ್ಮುತ್ತ ಹೆಂಗಸರ ಸಾಲು ದಾಟುವಾಗ ಸುವಾರ್ತಮ್ಮ ಅಂಗಿಯ ಚುಂಗು ಹಿಡಿದಳು.

"ನಿಂದ್ರು ದೇವಪ್ಪಾ. ನಮ್ಮ ಹಿರಿಮಗಳು ಇವತ್ತ ಮೊದಲನೇ ಸಲ ಪ್ರಭುಭೋಜನ ತಗೊಳಾಕತ್ಯಾಳ. ಅಪ್ಪನ ಜಾಗದಾಗ ನೀನ ಇರಬೇಕು."

ಅಪ್ಪನ ಜಾಗ! ದೇವಪುತ್ರಪ್ಪನ ಕೆಮ್ಮು ನಿಂತೇ ಹೋಯಿತು. ಅವನು ಕಣ್ಣು ಮುಚ್ಚಿ ಒಳಗೊಳಗೇ, "ಯೇಸಪ್ಪಾ, ನೀ ಮುಂದ ಇಳಿ, ನಾ ಹಿಂದ ಬರ್ತೀನಿ" ಅಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟ.

"ಅತ್ತಿಗೀ, ಹುಸೇನಣ್ಣ ನಾಕ ಅಂದಿದ್ದ. ಇಳೀಬ್ಯಾಡ ಅಂದಿದ್ದ. ಐದು ಅಂತ ಕೂಗಿದಾವ ನಾನು. ಅಣ್ಣನ್ನ ಇಳಿಸಿದಾವ ನಾನು."

ಪಾಸ್ಟರ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ದೇವಪುತ್ರಪ್ಪ ತಲೆ ತಗ್ಗಿಸಿ ನಿಂತ. ಹೊಡೆದರೆ ಹೊಡೆಯಲಿ, ಅಟ್ಟಿದರೆ ಅಟ್ಟಲಿ. ಆದರೆ ಸುವಾರ್ತಮ್ಮ ಅವನ ಮುಖ ನೋಡಲೇ ಇಲ್ಲ. ತನ್ನ ಬಲಗೈಯನ್ನೇ ನೋಡುತ್ತ ಕುಸಿದು ಕುಳಿತಳು.

"ಯಪ್ಪಾ, ನಾ ಆ ಹುಸೇನಗ ಸಂತ್ಯಾಗ ಚಪ್ಪಲಿಲೆ ಹೊಡದೀನಲ್ಲೋ! ನನ್ನ ಗಂಡನ್ನ ಕೊಂದೀ ಅಂತ, ಎಲ್ಲಾರ ಮುಂದ! ಅವ ಕೈ ಕಟಗೊಂಡು ನಿಂತು ಹೊಡಸ್ಕೊಂಡ."

ದೇವಪುತ್ರಪ್ಪನಿಗೆ ಸಿಡಿಲು ಬಡಿದಂತಾಯಿತು. ಇದು ಅವನಿಗೆ ಗೊತ್ತಿರಲಿಲ್ಲ. ಅವನ ಮುಂದೆ ಆ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಇಷ್ಟು ವರ್ಷ ಅವನು ತನ್ನ ಭಯವನ್ನಷ್ಟೇ ಸಾಕಿಕೊಂಡಿದ್ದ. ಅತ್ತ ಒಬ್ಬ ಮನುಷ್ಯ ಹೇಗೆ ಬದುಕಿದನೆಂದು ಒಂದು ದಿನವೂ ಕೇಳಿರಲಿಲ್ಲ. ಥೂ, ಎಂಥ ಬಾಳು!

ಸುವಾರ್ತಮ್ಮ ಅಂದು ರೊಟ್ಟಿ ಮುಟ್ಟಲಿಲ್ಲ. "ಮೊದಲ ಅವನ ಮನಿಗೆ ನಡಿ" ಎಂದು ಮೈದುನನನ್ನು ಎಳೆದುಕೊಂಡೇ ರಾಯಚೂರಿನ ಬಸ್ಸು ಹತ್ತಿದಳು.

ಸ್ಟೇಷನ್ ಹತ್ತಿರ, ಮನೆಯ ಮುಂದೆಯೇ ಮೀರಾಹುಸೇನ ಸೈಕಲ್ ಪಂಕ್ಚರ್ ಹಾಕುತ್ತ ಕುಳಿತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸುವಾರ್ತಮ್ಮ ಕಾಲು ಹಿಡಿಯಲು ಬಗ್ಗಿದಳು. ಅವನು ಗಾಬರಿಯಾಗಿ ಹಿಂದೆ ಸರಿದ. ದೇವಪುತ್ರಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ಚರ್ಚಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದ. ಬೆರಳು ತೋರಿಸಿದ್ದನ್ನೂ ಹೇಳಿದ.

ಮುದುಕ ಬೈಯಲಿಲ್ಲ, ಅಳಲೂ ಇಲ್ಲ. ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟು ಬಾಗಿಲ ಪರದೆಯ ಕಡೆ ನೋಡಿದ.

"ಇನ್ನೊಂದ್ಸಲ ಹೇಳಪಾ. ಜೋರಲೆ ಹೇಳು. ಒಳಗ ನನ್ನ ಹೇಣ್ತಿ ಖತೀಜಾ ಅದಾಳ. ಹತ್ತು ವರ್ಷಾತು, ಆಕಿನೂ ನನ್ನ ನಂಬಿಲ್ಲ."

ದೇವಪುತ್ರಪ್ಪ ಎದ್ದು ಪರದೆಯ ಎದುರು ನಿಂತ. ಬೀದಿಯವರೆಲ್ಲ ತಿರುಗಿ ನೋಡುವಂತೆ, ಮೊದಲಿಂದ ಹೇಳತೊಡಗಿದ.