ಕಾಲು ಕಾಣುವ ಲೆನ್ಸು

ಮಳವಳ್ಳಿಯಲ್ಲಿ ಗಾಡಿ ಕಟ್ಟುವ ಮಜೀದ್ ಕ್ಯಾಮೆರಾ ಮಾಡುತ್ತಿದ್ದಾನೆ ಎಂಬ ಸುದ್ದಿಗೆ ಪೇಟೆ ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗಲಿ ಬಿಡಿ. ಅವನು ಕಟ್ಟಿದ ಒಂದು ಚಕ್ರವೂ ನಡುದಾರಿಯಲ್ಲಿ ಕೈಕೊಟ್ಟದ್ದಿಲ್ಲ. ಅಂಥವನಿಗೆ ಒಂದು ಪೆಟ್ಟಿಗೆ ಯಾವ ಲೆಕ್ಕ? ಹಿಂದೊಮ್ಮೆ ಮದ್ದೂರಿನ ಫೋಟೋ ಸ್ಟುಡಿಯೋದ ಮುರುಕು ಕ್ಯಾಮೆರಾ ರಿಪೇರಿಗೆ ಬಂದಾಗಲೇ ಅದರ ಒಳಹೊರಗನ್ನೆಲ್ಲ ಕಣ್ಣಲ್ಲಿ ಅಳೆದಿಟ್ಟುಕೊಂಡಿದ್ದ. ೧೯೩೯ರ ಬೇಸಿಗೆಯಲ್ಲಿ ತೇಗದ ಹಲಗೆ ಕೊಯ್ದು, ಒಂದೆಳೆ ಬೆಳಕೂ ನುಸುಳದಂತೆ ಪೆಟ್ಟಿಗೆ ಕೂಡಿಸಿದ. ಮಡಿಕೆ ಮಡಿಕೆಯಾಗಿ ಚಾಚಿಕೊಳ್ಳುವ ತಿದಿಗೆ ಬಂಡೂರು ಕುರಿಯ ತೆಳು ಚರ್ಮ ಬಂತು. ಅದನ್ನು ಹೊಲಿದವಳು ಹೆಂಡತಿ ಜೈನಾಬ್ ಬೀ. ಅಂಥ ಹೊಲಿಗೆ ಮೈಸೂರಿನಲ್ಲೂ ಇಲ್ಲವೆಂದು ಮಜೀದ್ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ.

ಆದರೆ ಲೆನ್ಸು ಉಳಿಬಾಚಿಗೆ ಬಗ್ಗುವಂಥದ್ದಲ್ಲ. ಇದ್ದಬದ್ದ ಹಣಕ್ಕೆ ಬರುವುದು ಒಂದೇ ಒಂದು. ಆರಿಸುವಾಗ ತಪ್ಪಿದರೆ ಪೆಟ್ಟಿಗೆ ಅಟ್ಟ ಸೇರಬೇಕು, ಬೀದಿಯವರ ನಗು ಅವನು ಸಾಯುವ ತನಕ ಇರಬೇಕು.

ಮೈಸೂರಿನ ಕ್ಯಾಮೆರಾ ಅಂಗಡಿಯವರು ದಪ್ಪ ಹಿತ್ತಾಳೆ ಲೆನ್ಸೊಂದನ್ನು ಮುಂದಿಟ್ಟರು. "ಸ್ಟುಡಿಯೋದವರೆಲ್ಲ ಇದನ್ನೇ ಒಯ್ಯೋದು, ಸಾಬರೆ. ಕಣ್ಣು ಮಿಟುಕಿಸೋದ್ರಲ್ಲಿ ಮುಖ ಹಿಡಿದುಬಿಡುತ್ತೆ."

ಮಜೀದ್ ಜೇಬಿನಿಂದ ಒಂದು ಹುರಿ ತೆಗೆದ. ಮಳವಳ್ಳಿಯಲ್ಲಿ ಫೋಟೋ ತೆಗೆಯಲಿದ್ದ ಅವನ ಅಂಗಡಿಯ ಉದ್ದ ಅಷ್ಟೇ. ಹೊತ್ತು ತಂದಿದ್ದ ಪೆಟ್ಟಿಗೆಗೆ ಆ ಲೆನ್ಸು ಸಿಕ್ಕಿಸಿ ಒಂದು ತುದಿಯಲ್ಲಿ ಇಟ್ಟು, ಇನ್ನೊಂದು ತುದಿಯಲ್ಲಿ ಅಂಗಡಿಯವರನ್ನೇ ನಿಲ್ಲಿಸಿದ. ಕರಿಬಟ್ಟೆಯೊಳಗೆ ತಲೆ ತೂರಿಸಿದರೆ, ಹಿಂದಿನ ಮಬ್ಬುಗಾಜಿನ ಮೇಲೆ ಅವರು ತಲೆಕೆಳಗಾಗಿ ನಿಂತಿದ್ದರು, ಅದೂ ಸೊಂಟದವರೆಗೆ ಮಾತ್ರ.

"ಕಾಲೆಲ್ಲಿ ಸ್ವಾಮಿ?"

"ಕಾಲ್ಯಾಕ್ರೀ? ಫೋಟೋ ಅಂದ್ರೆ ಮುಖ."

"ಅರ್ಧ ಆಳಿನ ಫೋಟೋ ತೆಗೆಸಿದ್ರೆ ಆಯಸ್ಸೂ ಅರ್ಧ ಅಂತಾರೆ ನಮ್ ಕಡೆ. ಆ ಚಿಕ್ಕದನ್ನ ಕೊಡಿ, ನೋಡಾನ."

ಚಿಕ್ಕದರಲ್ಲಿ ಅಂಗಡಿಯವರ ಚಪ್ಪಲಿಯೂ ಕಂಡಿತು.

"ಇದು ಮಂದ ಕಣ್ರೀ. ಐದು ಎಣಿಸೋವರೆಗೂ ಜನ ಅಲುಗಾಡಬಾರದು. ನಿಮ್ಮ ಹಳ್ಳಿ ಜನ ನಿಲ್ತಾರಾ?"

ಮಜೀದ್ ಬಾಯೊಳಗೇ ಐದು ಎಣಿಸಿ ನೋಡಿದ; ಉದ್ದವೆನಿಸಿತು. ಆದರೂ ಅದನ್ನೇ ತಂದ.

ಮೊದಲು ಬಂದವರು ಪಕ್ಕದ ಹಳ್ಳಿಯ ಜಮೀನ್ದಾರ ಹೊನ್ನಯ್ಯ, ಅವನ ತಾಯಿ ಮಂಗಳಮ್ಮ. ಮದ್ದೂರಿನ ಸ್ಟುಡಿಯೋದಲ್ಲಿ ಅರ್ಧ ಫೋಟೋ ತೆಗೆಯುತ್ತಾರೆಂದು ಮುದುಕಿ ಜಗಳವಾಡಿ ಎದ್ದು ಬಂದಿದ್ದಳಂತೆ. ಬೀದಿಯ ಅರ್ಧ ಜನ ಬಾಗಿಲಲ್ಲಿ ಕತ್ತು ಚಾಚಿ ನಿಂತರು. ಮಂಗಳಮ್ಮ ಬರಿಗಾಲಲ್ಲಿ ನೆಟ್ಟಗೆ ನಿಂತಳು. ಮಜೀದ್ ಲೆನ್ಸಿನ ಮುಚ್ಚಳ ತೆಗೆದು ಒಂದು, ಎರಡು ಎಂದ. ಮೂರಕ್ಕೆ ಅವಳ ಮೂಗಿನ ಮೇಲೆ ನೊಣ ಕೂತಿತು. ಅಜ್ಜಿ ರೆಪ್ಪೆಯನ್ನೂ ಆಡಿಸಲಿಲ್ಲ. ಐದು ಮುಗಿದ ಮೇಲೇ ನೊಣಕ್ಕೆ ಚೆನ್ನಾಗಿ ಬೈದಳು.

ನಾಲ್ಕನೆಯ ದಿನವೂ ಬಾಗಿಲ ತುಂಬ ಜನ. ಫೋಟೋ ಕೈಗೆ ಬಂದಾಗ ಅವಳು ಮುಖ ನೋಡಲೇ ಇಲ್ಲ. ಬೆರಳು ನೇರ ಕೆಳಗಿಳಿಯಿತು. ಹಿಮ್ಮಡಿಯ ಬಿರುಕೊಂದೂ ಬಿಟ್ಟುಹೋಗಿರಲಿಲ್ಲ.

"ಮುಕ ಬುಡ್ಲಾ ಒನ್ನಯ್ಯ. ಈ ಕಾಲು ನೋಡು. ನಿಮ್ಮಪ್ಪ ಸತ್ಮೇಲೆ ಕೆಸ್ರು ತುಳ್ದು ನಿನ್ನ ಸಾಕಿದ್ದು ಇವೇ ಕಣ್ಲಾ."

ಜರಿಪೇಟದ ಹೊನ್ನಯ್ಯ ಅಷ್ಟು ಜನರ ಎದುರಿಗೇ ಬಗ್ಗಿ ತಾಯಿಯ ಪಾದ ಮುಟ್ಟಿದ. ಬಾಗಿಲಲ್ಲಿ ಯಾರೂ ನಗಲಿಲ್ಲ. ಮಜೀದನಿಗೆ ಆವತ್ತು ಆದ ಹೆಮ್ಮೆ ನೂರು ಗಾಡಿ ಕಟ್ಟಿದರೂ ಆಗಿರಲಿಲ್ಲ.