ಬಲಗಡೆಯ ಬೆಳಕು

ಅಟ್ಟದಿಂದ ಇಳಿಸಿದ ಸ್ಟುಡಿಯೊ ಪರದೆಯ ಸುರುಳಿ ಬಿಚ್ಚುತ್ತಿದ್ದಂತೆ ಹಳೆಯ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಅರ್ಧಕ್ಕೇ ನಿಲ್ಲಿಸಿದೆ. ಮಗಳು ಏಳು ತಿಂಗಳ ಬಸುರಿ. ಮೊಗ್ಗಿನ ಜಡೆ ಹೆಣೆಸಿಕೊಂಡು ಫೋಟೊಗೆ ಬಂದಿದ್ದಾಳೆ. ತಾಯಿಯ ಹಳೆಯ ಫೋಟೊದಲ್ಲಿರುವ ಇದೇ ಪರದೆ ಅವಳಿಗೆ ಬೇಕಂತೆ. ವ್ಯಾಪಾರದಲ್ಲಿ ಯಾರಿಗೂ ಹೆದರದ ನಾನು ಈ ಬಟ್ಟೆಗೆ ಯಾಕೆ ಹೆದರುತ್ತೇನೆ, ಕೇಳಿ.

ಎಪ್ಪತ್ತರ ದಶಕದಲ್ಲಿ ಶಿರಾ ಗೇಟಿನ ಬಳಿ ಸ್ಟುಡಿಯೊ ತೆರೆದೆ. ಮದುವೆ ಮನೆಗಳಲ್ಲಿ ಬೇರೆಯವರ ಕ್ಯಾಮೆರಾ ಹೊತ್ತು ಕಲಿತ ಕಸುಬು. ಊರಿನ ಸ್ಟುಡಿಯೊಗಳಲ್ಲೆಲ್ಲ ಒಂದೇ ಹೂದೋಟ, ಒಂದೇ ಜೋಡಿ ಹಂಸ. ನೀವು ಅಂಗಡಿ ಇಡುವುದಾದರೆ ಪಕ್ಕದವನಲ್ಲಿಲ್ಲದ ಒಂದು ಸಾಮಾನು ಇಡಿ. ನಾನೂ ಹಾಗೆಂದುಕೊಂಡು, ಗುಬ್ಬಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದ ನಂಜಪ್ಪನನ್ನು ಹಿಡಿದೆ. ಅವನು ಕುಣಿಗಲ್ ಕೆರೆ ಏರಿಯ ಮೇಲೆ ಮೂರು ಸಂಜೆ ಸುಮ್ಮನೆ ಕೂತಿದ್ದು ಬಂದು ಬರೆದ: ಕಪ್ಪು ಮೋಡ, ಸೀಸದಂಥ ನೀರು, ಬಲಗಡೆ ಮೋಡದ ಸಂದಿಯಿಂದ ಸುರಿಯುವ ಹಳದಿ ಬೆಳಕು. ನೋಡಿದರೆ, ಇನ್ನೇನು ಏನೋ ಆಗಲಿದೆ ಅನ್ನಿಸುತ್ತಿತ್ತು.

ಮೊದಲ ಫೋಟೊಗಳಲ್ಲೇ ಎಡವಟ್ಟು ಕಂಡಿತು. ನನ್ನ ದೀಪ ಎಡಗಡೆ, ಅವನ ಸೂರ್ಯ ಬಲಗಡೆ. ನಿಂತವರು ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಹಾಗೆ. ಬೆಳ್ಳಾವಿಯ ಗಿರಾಕಿಯೊಬ್ಬ ಫೋಟೊ ವಾಪಸ್ ತಳ್ಳಿದ: "ತಿಥಿಗಿಡೋ ಫೋಟೊ ಥರ ಐತಲ್ಲಯ್ಯ! ನಾನಿನ್ನೂ ಬದ್ಕಿವ್ನಿ ಕಣಪ್ಪ."

ನಂಜಪ್ಪನನ್ನು ಕರೆಸಿ ದಬಾಯಿಸಿದೆ. ಅವನು ಬೀಡಿ ಆರಿಸಿ, "ಲೈಟು ಈ ಕಡೀಕೆ ತಂದಿಡಿ ಸಾಮಿ, ಸರಿಹೋಯ್ತದೆ" ಎಂದ.

"ನಿನ್ ಬಟ್ಟೆಗೋಸ್ಕರ ನನ್ ಲೈಟ್ ಕಿತ್ತಿಡ್ಲೇನಯ್ಯ?"

ಅವನು ಹೇಳಿದ್ದು ಸರಿಯೆಂದು ಗೊತ್ತಿತ್ತು. ಒಪ್ಪಿದರೆ ಅವನ ಕೂಲಿಯಲ್ಲಿ ಮುರಿದುಕೊಳ್ಳುವಂತಿರಲಿಲ್ಲ. ಒಪ್ಪಲಿಲ್ಲ, ಚೌಕಾಸಿಯಲ್ಲಿ ಗೆದ್ದೆ.

ಆ ವರ್ಷವೇ ಹೆಂಡತಿ ಸರೋಜ ಬಸುರಿ. ಅವಳ ಮೊಗ್ಗಿನ ಜಡೆ ಫೋಟೊವನ್ನು ಅದೇ ಪರದೆಯ ಮುಂದೆ, ಹಠಕ್ಕೆ ಬಿದ್ದು ಅದೇ ಎಡಗಡೆಯ ದೀಪದಲ್ಲಿ ತೆಗೆದೆ. ಪ್ರಿಂಟ್ ನೋಡಿ ಅವ್ವ ಬಾಯಿಗೆ ಸೆರಗಿಟ್ಟುಕೊಂಡಳು. "ಏನ್ಲಾ ಇದು, ಬ್ಯಾರೆ ಲೋಕದಾಗೆ ನಿಂತಂಗವ್ಳಲ್ಲೋ! ಒಳೀಕೆ ಮಡಗು." ನಕ್ಕೆ. ಆದರೆ ಅಂದಿನಿಂದ ಸರೋಜ ಬಾಗಿಲಲ್ಲಿ ನಿಂತರೂ ಅವಳ ಬೆನ್ನ ಹಿಂದೆ ನನಗೆ ಆ ಮೋಡವೇ ಕಾಣುತ್ತಿತ್ತು.

ಹೆರಿಗೆ ಕಷ್ಟವಾಯಿತು. ಸಂಜೆ ಆಸ್ಪತ್ರೆಯ ಹೊರಗೆ ನಿಂತಿದ್ದೆ. ನರ್ಸಮ್ಮ ಬಂದು, "ರಕ್ತ ನಿಲ್ತಿಲ್ಲ, ಎಲ್ಲೂ ಹೋಗ್ಬೇಡಿ" ಎಂದು ಒಳಗೆ ಓಡಿದರು. ತಲೆ ಎತ್ತಿದರೆ ಊರ ಮೇಲೆ ಅದೇ ಮೋಡ, ಸಂದಿಯಲ್ಲಿ ಅದೇ ಹಳದಿ ಬೆಳಕು. ಬೇರೇನೂ ಬಾರದವನು ಆಕಾಶದ ಜೊತೆಗೂ ಚೌಕಾಸಿಗಿಳಿದೆ: ಇವಳನ್ನು ಬಿಟ್ಟುಬಿಡು, ಪರದೆ ಸುಟ್ಟುಬಿಡುತ್ತೇನೆ.

ತಾಯಿ, ಮಗು ಇಬ್ಬರೂ ಉಳಿದರು; ಆ ಮಗುವೇ ಈ ಮಗಳು. ಸುಡಲು ಹೋದರೆ ಗಟ್ಟಿ ಬಟ್ಟೆ, ಮನಸ್ಸು ಬರಲಿಲ್ಲ. ಸುತ್ತಿ ಅಟ್ಟಕ್ಕೆ ಹಾಕಿದೆ. ಇಷ್ಟು ವರ್ಷವೂ ಅದರ ಕೆಳಗೆ ತಲೆ ತಗ್ಗಿಸಿಯೇ ಓಡಾಡಿದ್ದೇನೆ.

"ಅಪ್ಪಾ, ಮೊಗ್ಗು ಬಾಡ್ತವೆ, ಬೇಗ!" ಎಂದಳು ಮಗಳು.

"ಹೂದೋಟದ್ದು ಹಾಕ್ತೀನಿ ಕಣವ್ವ."

ಸರೋಜ ಮೂಲೆಯಿಂದಲೇ, "ಅದರ್ ಮುಂದೆ ನಿಂತೋಳು ನಾನು, ಬದುಕಿಲ್ವಾ? ನಿಮ್ ಹೆದರಿಕೇನ ಅವಳ ಜಡೇಗ್ ಮುಡಿಸ್ಬೇಡಿ" ಎಂದಳು.

ಪರದೆಯನ್ನು ಪೂರ್ತಿ ಬಿಚ್ಚಿ ತೂಗುಹಾಕಿದೆ. ದೀಪದ ಸ್ಟ್ಯಾಂಡನ್ನು ಎತ್ತಿ ಬಲಗಡೆಗೆ ತಂದಿಟ್ಟೆ. ಮಗಳ ಕೆನ್ನೆಯ ಮೇಲಿನ ಬೆಳಕು ಕುಣಿಗಲ್ ಕೆರೆಯ ಕಡೆಯಿಂದಲೇ ಬಂದಂತಿತ್ತು. ಅವಳು ಆ ಏರಿಯ ಮೇಲೆ ನಿಂತಿದ್ದಳು, ಅಲ್ಲಿಯವಳೇ ಆಗಿ. ನಂಜಪ್ಪ ಇದ್ದಿದ್ದರೆ ಬೀಡಿ ಆರಿಸಿ ಒಮ್ಮೆ ನೋಡುತ್ತಿದ್ದ.

ಹೆದರಿಕೆ ಹೋಯಿತೇ ಎಂದು ಕೇಳಬೇಡಿ. ಫೋಟೊ ಮುಗಿದು ಮಗಳು ಮನೆಗೆ ಹೋದಳು. ಅವಳ ಹೆರಿಗೆ ಆಗುವವರೆಗೆ ಈ ದೀಪವನ್ನು ಯಾರೂ ಕದಲಿಸಕೂಡದು.